ಕೊಂಕಣ ಸುತ್ತದೆ ಮೈಲಾರ ಸೇರುವ ಬಗೆ

ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಎಂಬ ಗಾದೆ ಹಳೆಯದು. ಗಾದೆ ಹಳೆಯದಾದರೂ ಅದರಂತೆ ನಡೆಯುವವರು ಇಂದಿಗೂ ಕಡಿಮೆಯಾಗಿಲ್ಲ. ಗೌರಿಬಿದನೂರಿನಿಂದ ಚಿಂತಾಮಣಿಗೆ ಹೊರಡುವ ಹೊಸಬರನ್ನೇ ನೋಡಬಹುದು. ಎರಡೂ ಚಿಕ್ಕಬಳ್ಳಾಪುರ ಜಿಲ್ಲೆಯ ಊರುಗಳೇ. ಒಂದು ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿದೆ, ಇನ್ನೊಂದು ಪೂರ್ವದ ಕಡೆಗಿದೆ. ಆದರೂ 'ಬೆಂಗಳೂರು ಸೇರಿಬಿಟ್ಟರೆ ಅಲ್ಲಿಂದ ಎಲ್ಲಿಗೆ ಬೇಕಾದರೂ ಬಸ್ಸು ಸಿಗುತ್ತದೆ' ಎಂಬ ಲೆಕ್ಕದಲ್ಲಿ ದೊಡ್ಡಬಳ್ಳಾಪುರ, ಯಲಹಂಕ ಹಾದು ರಾಜಧಾನಿಗೆ ಇಳಿದು, ಅಲ್ಲಿಂದ ಮತ್ತೆ ಹೊಸಕೋಟೆಯ ಮೇಲೆ ಚಿಂತಾಮಣಿಗೆ ಬರುವವರು ಉಂಟು. ಹೀಗೆ ಸುತ್ತಿದರೆ ಸುಮಾರು 150 ಕಿ.ಮೀ. ಪ್ರಯಾಣ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟಗಳ ಮೇಲೆ ನೇರವಾಗಿ ಹೋದರೆ ಎಂಬತ್ತರ ಆಸುಪಾಸು!

ಇದು ಜನರ ದಡ್ಡತನವೇನೂ ಅಲ್ಲ. ಸೈಕಲ್ ಚಕ್ರದ ಕಡ್ಡಿಗಳು ನಡುವಿನ ಗುಂಬಕ್ಕೆ ಬಂದು ಸೇರುವಂತೆ ಈ ಭಾಗದ ದಾರಿಗಳೆಲ್ಲ ಬೆಂಗಳೂರಿಗೆ ಹೋಗಿ ಸೇರುತ್ತವೆ. ಗೌರಿಬಿದನೂರಿಗೆ ದೊಡ್ಡಬಳ್ಳಾಪುರದ ರಸ್ತೆ, ಚಿಕ್ಕಬಳ್ಳಾಪುರಕ್ಕೆ ಹೈದರಾಬಾದಿನ ಹೆದ್ದಾರಿ, ಶಿಡ್ಲಘಟ್ಟಕ್ಕೆ ವಿಜಯಪುರ–ದೇವನಹಳ್ಳಿಯ ರಸ್ತೆ, ಚಿಂತಾಮಣಿಗೆ ಹೊಸಕೋಟೆಯ ರಸ್ತೆ. ನಾಲ್ಕು ಊರಿಗೂ ರಾಜಧಾನಿಗೆ ತನ್ನದೇ ಆದ ಒಂದೊಂದು ಕಡ್ಡಿ ಇದೆ. ಕೆಲಸ, ಕಾಲೇಜು, ಆಸ್ಪತ್ರೆ ಎಂದು ಎಲ್ಲರೂ ಈ ಕಡ್ಡಿಗಳ ಮೇಲೆಯೇ ಓಡಾಡಿ, ಒಂದು ಕಡ್ಡಿಯಿಂದ ಇನ್ನೊಂದು ಕಡ್ಡಿಗೆ ಅಡ್ಡಲಾಗಿ ಹೋಗುವ ದಾರಿಯನ್ನು ಮರೆತುಬಿಟ್ಟಿದ್ದಾರೆ. ಆ ಅಡ್ಡದಾರಿಯನ್ನು ಈಗ ಮೊಬೈಲ್ ಫೋನಿನ ನಕ್ಷೆ ಕ್ಷಣಮಾತ್ರದಲ್ಲಿ ತೋರಿಸುತ್ತದೆ. 'ಅಡ್ಡದಾರಿ ಹಿಡಿಯಬೇಡ' ಎಂದು ಮಕ್ಕಳಿಗೆ ಬುದ್ಧಿ ಹೇಳುವ ತಂದೆತಾಯಿಗಳೂ ಈ ಅಡ್ಡದಾರಿಯನ್ನು ಮಾತ್ರ ಒಮ್ಮೆ ಪರಿಶೀಲಿಸುವುದು ಒಳ್ಳೆಯದು.

ಹಕ್ಕಿ ಹಾರಿದರೆ ಎಷ್ಟು ದೂರ?

ದಾರಿ ಹತ್ತಿರದ್ದೋ ಸುತ್ತಿನದ್ದೋ ಎಂದು ತಿಳಿಯಲು ಮೊದಲು ಹಕ್ಕಿ ಹಾರುವ ದೂರ ಗೊತ್ತಿರಬೇಕು. ಇದಕ್ಕೆ ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯವೇ ಸಾಕು. ಗೌರಿಬಿದನೂರು ಉತ್ತರ ಅಕ್ಷಾಂಶ 13.61 ಡಿಗ್ರಿ, ಪೂರ್ವ ರೇಖಾಂಶ 77.52 ಡಿಗ್ರಿಯಲ್ಲಿದೆ. ಚಿಂತಾಮಣಿ ಇರುವುದು 13.40 ಮತ್ತು 78.05ರಲ್ಲಿ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ. ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ ಈ ಭಾಗದಲ್ಲಿ ರೇಖಾಂಶದ ಒಂದು ಡಿಗ್ರಿ ಸುಮಾರು 108 ಕಿ.ಮೀ. ಅಂದಮೇಲೆ ಎರಡು ಊರುಗಳ ನಡುವೆ ಉತ್ತರ–ದಕ್ಷಿಣವಾಗಿ 23 ಕಿ.ಮೀ., ಪೂರ್ವ–ಪಶ್ಚಿಮವಾಗಿ 57 ಕಿ.ಮೀ. ಅಂತರವಾಯಿತು. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಸುಮಾರು 62 ಕಿ.ಮೀ. ಬರುತ್ತದೆ.

ಇನ್ನು ಹೋಲಿಕೆ ಸುಲಭ. ಶಿಡ್ಲಘಟ್ಟದ ಮೇಲಿನ ರಸ್ತೆ ಹಕ್ಕಿಯ ದಾರಿಗಿಂತ ಮೂರನೇ ಒಂದು ಪಾಲಷ್ಟು ಹೆಚ್ಚು. ಬೆಟ್ಟ, ಕೆರೆ, ಊರುಗಳನ್ನು ಬಳಸಿ ಹೋಗುವ ರಸ್ತೆಗೆ ಇಷ್ಟು ಹೆಚ್ಚಳ ಸಹಜವೇ. ಬೆಂಗಳೂರಿನ ಮೇಲಿನ ದಾರಿಯಾದರೋ ಹಕ್ಕಿಯ ದಾರಿಯ ಎರಡೂವರೆ ಪಟ್ಟು. ಮನೆಯಲ್ಲಿ ಪ್ರವಾಸದ ಮಾತು ಬಂದಾಗ ಮಕ್ಕಳು ಈ ಲೆಕ್ಕ ಹಾಕಿ ನೋಡಬಹುದು. ರಸ್ತೆಯ ದೂರ ಹಕ್ಕಿಯ ದೂರದ ಒಂದೂವರೆ ಪಟ್ಟನ್ನು ಮೀರಿದರೆ ಬೇರೆ ದಾರಿಯೊಂದು ಇರಬಹುದೇ ಎಂದು ಹುಡುಕುವುದು ಲೇಸು.

ಕಾಗದದ ನಕ್ಷೆಗಳ ಕಾಲದಲ್ಲಿ ಈ ಹುಡುಕಾಟ ಸುಲಭವಾಗಿರಲಿಲ್ಲ. 1767ರಲ್ಲಿ ಆರಂಭವಾದ ಭಾರತೀಯ ಸರ್ವೇಕ್ಷಣ ಇಲಾಖೆ ದೇಶವನ್ನು ಚೌಕಗಳಾಗಿ ಹಂಚಿ ನಕ್ಷೆಯ ಹಾಳೆಗಳನ್ನು ಮುದ್ರಿಸಿತು. ಹಳೆಯ ಸಂಖ್ಯಾಕ್ರಮದಲ್ಲಿ ಗೌರಿಬಿದನೂರು 57ಜಿ/10ನೆಯ ಹಾಳೆಯಲ್ಲಿ, ಚಿಕ್ಕಬಳ್ಳಾಪುರ 57ಜಿ/11ರಲ್ಲಿ, ಶಿಡ್ಲಘಟ್ಟ 57ಜಿ/15ರಲ್ಲಿ ಬರುತ್ತವೆ. ಚಿಂತಾಮಣಿ 78ನೆಯ ರೇಖಾಂಶವನ್ನು ಕೂದಲೆಳೆಯಷ್ಟು ದಾಟಿರುವುದರಿಂದ ಅದಕ್ಕೆ ಅಕ್ಷರವೇ ಬದಲು: 57ಕೆ/3. ನಾಲ್ಕು ಊರಿಗೆ ನಾಲ್ಕು ಹಾಳೆ! ನಾಲ್ಕನ್ನೂ ಪಕ್ಕಪಕ್ಕ ಹಾಸಿಕೊಂಡು ನೋಡಿದವರಿಗೆ ಮಾತ್ರ ದಾರಿ ಪೂರ್ತಿ ಕಾಣುತ್ತಿತ್ತು. ಪರದೆಯ ಮೇಲಿನ ನಕ್ಷೆಗೆ ಹಾಳೆಯ ಅಂಚು ಎಂಬುದಿಲ್ಲ. ಅದು ಮಾಡಿದ ಮೊದಲ ಉಪಕಾರವೇ ಇದು.

ಕಾಫಿ ಅಂಗಡಿಯಲ್ಲಿ ಹುಟ್ಟಿದ ಲೆಕ್ಕ

ಯಂತ್ರ ಹತ್ತಿರದ ದಾರಿಯನ್ನು ಹೇಗೆ ಹುಡುಕುತ್ತದೆ? ಇದರ ಹಿಂದೆ ಹಾಲೆಂಡಿನ ಗಣಿತಜ್ಞ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರ ಹೆಸರಿದೆ. 1956ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ತಾವು ಮದುವೆಯಾಗಲಿದ್ದ ಹುಡುಗಿಯ ಜೊತೆ ಅಂಗಡಿ ಸುತ್ತಿ ದಣಿದು, ಕಾಫಿಗೆಂದು ಕುಳಿತಾಗ ಇಪ್ಪತ್ತೇ ನಿಮಿಷದಲ್ಲಿ, ಕಾಗದ ಪೆನ್ಸಿಲಿನ ನೆರವಿಲ್ಲದೆ ಆ ವಿಧಾನವನ್ನು ಯೋಚಿಸಿದ್ದಾಗಿ ಅವರು ಮುಂದೆ ಹೇಳಿಕೊಂಡಿದ್ದಾರೆ. ಹೊಸ ಕಂಪ್ಯೂಟರೊಂದರ ಸಾಮರ್ಥ್ಯವನ್ನು ಜನಸಾಮಾನ್ಯರಿಗೆ ತೋರಿಸಲು ತಮ್ಮ ದೇಶದ 64 ಊರುಗಳ ನಡುವಿನ ದಾರಿಗಳನ್ನು ಆಗ ಬಳಸಲಾಯಿತು. ವಿಧಾನ ಅಚ್ಚಾದದ್ದು 1959ರಲ್ಲಿ. ಇಂದಿನ ನಕ್ಷೆಗಳು ಅದಕ್ಕೆ ಎಷ್ಟೋ ಸುಧಾರಣೆಗಳನ್ನು ಸೇರಿಸಿಕೊಂಡಿದ್ದರೂ ಮೂಲ ತತ್ತ್ವ ಅದೇ.

ಆ ತತ್ತ್ವವನ್ನು ಈ ಸೀಮೆಯ ಊರುಗಳಿಂದಲೇ ತಿಳಿಯಬಹುದು. ದೂರಗಳನ್ನು ದುಂಡಾಗಿ ಇಟ್ಟುಕೊಳ್ಳೋಣ ಎಂದರೆ, ಗೌರಿಬಿದನೂರಿನಿಂದ ದೊಡ್ಡಬಳ್ಳಾಪುರ 38, ಚಿಕ್ಕಬಳ್ಳಾಪುರ 40. ದೊಡ್ಡಬಳ್ಳಾಪುರದಿಂದ ಬೆಂಗಳೂರು 40. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ 18. ಶಿಡ್ಲಘಟ್ಟದಿಂದ ಚಿಂತಾಮಣಿ 25. ಬೆಂಗಳೂರಿನಿಂದ ಚಿಂತಾಮಣಿ 75. ಯಂತ್ರ ಮೊದಲು ಗೌರಿಬಿದನೂರಿಗೆ ಸೊನ್ನೆ ಬರೆಯುತ್ತದೆ. ಬಳಿಕ ಅದರ ನೆರೆಯ ಊರುಗಳಿಗೆ 38, 40 ಎಂದು ಗುರುತು ಹಾಕುತ್ತದೆ. ಇವುಗಳಲ್ಲಿ ಕಡಿಮೆಯಾದದ್ದು ದೊಡ್ಡಬಳ್ಳಾಪುರ. ಅಲ್ಲಿ ನಿಂತು ಮುಂದೆ ನೋಡಿ ಬೆಂಗಳೂರಿಗೆ 78 ಎಂದು ಬರೆಯುತ್ತದೆ. ಉಳಿದವುಗಳಲ್ಲಿ ಕಡಿಮೆಯಾದದ್ದು ಚಿಕ್ಕಬಳ್ಳಾಪುರ. ಅಲ್ಲಿಂದ ಶಿಡ್ಲಘಟ್ಟಕ್ಕೆ 58. ಶಿಡ್ಲಘಟ್ಟದಿಂದ ಚಿಂತಾಮಣಿಗೆ 83. ಇಷ್ಟಕ್ಕೇ ತೃಪ್ತಿಪಡದೆ 78ರ ಬೆಂಗಳೂರಿನಲ್ಲೂ ನಿಂತು ನೋಡುತ್ತದೆ. ಅಲ್ಲಿಂದ ಚಿಂತಾಮಣಿಗೆ 153 ಆಗುತ್ತದೆ. ಮೊದಲೇ 83 ಸಿಕ್ಕಿರುವುದರಿಂದ 153ನ್ನು ಬಿಟ್ಟುಬಿಡುತ್ತದೆ. ಪ್ರತಿ ಸಲವೂ ಇರುವುದರಲ್ಲಿ ಅತಿ ಹತ್ತಿರದ್ದನ್ನು ಆರಿಸಿ ಮುಂದೆ ನೋಡುವುದು, ಉತ್ತಮವಾದದ್ದು ಸಿಕ್ಕರೆ ಹಳೆಯದನ್ನು ಅಳಿಸುವುದು, ಇಷ್ಟೇ ಇದರ ಗುಟ್ಟು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಸಂಖ್ಯೆಗಳು ಕಿಲೋಮೀಟರೇ ಆಗಿರಬೇಕೆಂದಿಲ್ಲ. ನಿಮಿಷ ಹಾಕಿದರೆ ಯಂತ್ರ ಬೇಗ ತಲುಪುವ ದಾರಿಯನ್ನು ಹೇಳುತ್ತದೆ. ರೂಪಾಯಿ ಹಾಕಿದರೆ ಅಗ್ಗದ ದಾರಿಯನ್ನು ಹೇಳುತ್ತದೆ. ಯಂತ್ರಕ್ಕೆ ಹತ್ತಿರ ಎಂಬುದರ ಅರ್ಥ ಗೊತ್ತಿಲ್ಲ. ಅರ್ಥ ಕೊಡುವವನು ಮನುಷ್ಯ. ಫೋನಿನ ನಕ್ಷೆಗಳು ಸಾಮಾನ್ಯವಾಗಿ ನಿಮಿಷದ ಲೆಕ್ಕವನ್ನೇ ಮುಂದಿಡುವುದರಿಂದ ಅವು ಮೊದಲು ತೋರಿಸುವ ದಾರಿ ಎಲ್ಲಕ್ಕಿಂತ ಗಿಡ್ಡದ್ದೇ ಆಗಿರುವುದಿಲ್ಲ.

ಇದಕ್ಕೆ ಚಿಂತಾಮಣಿಯಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವ ಪ್ರಯಾಣ ಒಳ್ಳೆಯ ಉದಾಹರಣೆ. ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ ಹೆದ್ದಾರಿ ಹಿಡಿದು ಇಳಿಯಬಹುದು. ಶಿಡ್ಲಘಟ್ಟದಿಂದಲೇ ವಿಜಯಪುರದ ಕಡೆ ತಿರುಗಬಹುದು. ಇಲ್ಲವೇ ಎಚ್.ಕ್ರಾಸಿನಿಂದ ವಿಜಯಪುರಕ್ಕೆ ಬರಬಹುದು. ಮೊದಲನೆಯದು ಉತ್ತರಕ್ಕೆ ಹೋಗಿ ಮತ್ತೆ ದಕ್ಷಿಣಕ್ಕೆ ಬರುವ ಕೊಕ್ಕೆಯಂಥ ದಾರಿ. ದೂರ ಹೆಚ್ಚು, ಆದರೆ ಕೊನೆಯ ಭಾಗ ಅಗಲವಾದ ಹೆದ್ದಾರಿ. ಉಳಿದೆರಡು ಗಿಡ್ಡವಾದರೂ ಊರೂರಿನ ನಡುವೆ ಹಾಯುವ ರಸ್ತೆಗಳು. 2008ರ ಮೇ ತಿಂಗಳಲ್ಲಿ ಆ ನಿಲ್ದಾಣ ಬಾಗಿಲು ತೆರೆದ ಮೇಲೆ ಈ ಲೆಕ್ಕ ಚಿಂತಾಮಣಿಯ ಮನೆಮನೆಯ ಲೆಕ್ಕವಾಗಿದೆ.

ದಾರಿಯುದ್ದಕ್ಕೂ ಇತಿಹಾಸ

ನಕ್ಷೆಯ ಮೇಲಿನ ನೀಲಿ ಗೆರೆಯನ್ನು ಹಿಡಿದು ಹೊರಟರೆ ಸಿಗುವುದೇನು? ಗೌರಿಬಿದನೂರು ಉತ್ತರ ಪಿನಾಕಿನಿಯ ದಡದ ಊರು. ನಂದಿಯ ಸುತ್ತಣ ಬೆಟ್ಟಗಳಲ್ಲಿ ಹುಟ್ಟುವ ಈ ನದಿ ಇಲ್ಲಿಂದ ಉತ್ತರಕ್ಕೆ, ಆಂಧ್ರದ ಕಡೆಗೆ ಹರಿಯುತ್ತದೆ. ಹಿಂದೂಪುರದ ದಾರಿಯಲ್ಲಿ ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕರ್ನಾಟಕದ ಜಲಿಯನ್‌ವಾಲಾ ಬಾಗ್ ಎಂದು ಆ ಸ್ಥಳವನ್ನು ಜನ ಇಂದಿಗೂ ನೆನೆಯುತ್ತಾರೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಗೌರಿಬಿದನೂರು ಇನ್ನೊಂದು ಕಾರಣಕ್ಕೆ ಪರಿಚಿತ. ಭಾಭಾ ಅಣು ಸಂಶೋಧನಾ ಕೇಂದ್ರ 1960ರ ದಶಕದಲ್ಲಿ ಇಲ್ಲಿ ಭೂಕಂಪ ಮಾಪಕಗಳ ಸಾಲನ್ನು ನೆಲದಲ್ಲಿ ಅಳವಡಿಸಿತು. ದೂರದಲ್ಲೆಲ್ಲೋ ನೆಲ ಅಲುಗಿದಾಗ ಅದರ ಅಲೆ ಒಂದೊಂದು ಮಾಪಕವನ್ನು ಒಂದೊಂದು ಕ್ಷಣದಲ್ಲಿ ಮುಟ್ಟುತ್ತದೆ. ಆ ಕ್ಷಣಗಳ ವ್ಯತ್ಯಾಸದಿಂದ ಅಲೆ ಬಂದ ದಿಕ್ಕನ್ನು ಕಂಡುಹಿಡಿಯುತ್ತಾರೆ. ಫೋನಿನೊಳಗಿನ ಜಿ.ಪಿ.ಎಸ್. ಕೂಡ ಇದರ ನಂಟನೇ. ಆಕಾಶದಲ್ಲಿರುವ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ಬಂದು ತಲುಪಿದ ಹೊತ್ತಿನ ವ್ಯತ್ಯಾಸದಿಂದ ಅದು ತಾನಿರುವ ಜಾಗವನ್ನು ತಿಳಿಯುತ್ತದೆ. ಸೇನೆಗೆಂದು ಕಟ್ಟಿದ ಈ ವ್ಯವಸ್ಥೆಯ ಸಂಕೇತವನ್ನು ಅಮೆರಿಕ ಸರ್ಕಾರ ಬೇಕೆಂದೇ ಸ್ವಲ್ಪ ಮಬ್ಬಾಗಿಸಿ ಜನರಿಗೆ ಕೊಡುತ್ತಿತ್ತು. 2000ದ ಮೇ ತಿಂಗಳಲ್ಲಿ ಆ ಮಬ್ಬನ್ನು ತೆಗೆದ ಮೇಲೆಯೇ ರಸ್ತೆಯ ಮೇಲೆ ಅದನ್ನು ನಂಬಿ ನಡೆಯುವಂತಾದದ್ದು.

ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು ಶಿಕ್ಷಣತಜ್ಞ ಎಚ್. ನರಸಿಂಹಯ್ಯ. ಮುಂದೆ ಓದಬೇಕೆಂಬ ಹಂಬಲದಿಂದ, ಬಸ್ಸಿಗೆ ದುಡ್ಡಿಲ್ಲದೆ, ಹುಡುಗನಾಗಿದ್ದಾಗ ನಡೆದೇ ಬೆಂಗಳೂರು ಸೇರಿದವರು ಅವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬೆಳೆದ ಅವರ ಆತ್ಮಕಥೆಯ ಹೆಸರೂ 'ಹೋರಾಟದ ಹಾದಿ'. ಓದಿಗೂ ಹಾದಿಗೂ ಇರುವ ಸಂಬಂಧಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಗೌರಿಬಿದನೂರಿನಿಂದ ಹೊರಟ ರಸ್ತೆ ಈಗ ತಾಲ್ಲೂಕು ಕೇಂದ್ರವಾಗಿರುವ ಮಂಚೇನಹಳ್ಳಿಯನ್ನು ಹಾದು, ಬೆಟ್ಟಗಳ ನಡುವೆ ನುಸುಳಿ ಚಿಕ್ಕಬಳ್ಳಾಪುರಕ್ಕೆ ಬರುತ್ತದೆ. ಹಕ್ಕಿಯ ದಾರಿಗೂ ರಸ್ತೆಗೂ ಹೆಚ್ಚು ವ್ಯತ್ಯಾಸ ಬೀಳುವುದು ಇಲ್ಲಿಯೇ. ಕಲ್ಲಿನ ಬೆಟ್ಟವನ್ನು ರಸ್ತೆ ಬಳಸಲೇಬೇಕು. ನಗರದ ಬಳಿಯೇ ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44 ಈ ದಾರಿಯನ್ನು ಅಡ್ಡಹಾಯುವುದೂ ಇಲ್ಲಿಯೇ. ಅಲ್ಲಿಂದ ಪೂರ್ವಕ್ಕೆ ಹಿಪ್ಪುನೇರಳೆ ತೋಟಗಳ ನಡುವೆ ಶಿಡ್ಲಘಟ್ಟ, ಆಮೇಲೆ ಚಿಂತಾಮಣಿ. ಚಿಂತಾಮಣಿಯ ಬಳಿ ಕೈವಾರ, ಕೈಲಾಸಗಿರಿಯ ಗುಹೆಗಳು, ಮುರುಗಮಲ್ಲದ ದರ್ಗಾ ಇವೆ. ಶಾಲೆಯ ಒಂದು ದಿನದ ಪ್ರವಾಸಕ್ಕೆ ಇದಕ್ಕಿಂತ ತುಂಬಿದ ದಾರಿ ಸಿಗುವುದು ಕಷ್ಟ.

ಈ ಅಡ್ಡದಾರಿ ಕಂಪ್ಯೂಟರು ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. ಟಿಪ್ಪು ಮಡಿದ ಮರುವರ್ಷ, ಅಂದರೆ 1800ರಲ್ಲಿ, ಮೈಸೂರು ಸೀಮೆಯನ್ನು ನೋಡಿ ವರದಿ ಕೊಡಲು ಬಂದ ಫ್ರಾನ್ಸಿಸ್ ಬುಕಾನನ್ ಕೋಲಾರದಿಂದ ಸಿರಾಕ್ಕೆ ಹೋಗುವಾಗ ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಹಾದು ಮಧುಗಿರಿಯ ಕಡೆಗೆ ನಡೆದ. ಅದೇ ವರ್ಷ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಸರಪಳಿ ಹಿಡಿದು ಮೊದಲ ಆಧಾರರೇಖೆಯನ್ನು ಅಳೆದ. ದೇಶವನ್ನೆಲ್ಲ ತ್ರಿಕೋನಗಳಲ್ಲಿ ಅಳೆದ ಮಹಾ ಸರ್ವೇಕ್ಷಣೆಗೆ ಅದು ಮುನ್ನುಡಿ. ಒಬ್ಬ ದಾರಿಯನ್ನು ನಡೆದು ಬರೆದ, ಇನ್ನೊಬ್ಬ ನೆಲವನ್ನು ಅಳೆದು ಬರೆದ. ಇಂದಿನ ನಕ್ಷೆಗೆ ಬೇಕಾದದ್ದು ಈ ಎರಡೂ ಕೆಲಸ.

ಆಮೇಲೆ ರೈಲು ಬಂತು. ಗೌರಿಬಿದನೂರು ಗುಂತಕಲ್ಲಿನ ದಾರಿಗೆ ಸೇರಿತು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು 1910ರ ದಶಕದಲ್ಲಿ ಹಾಕಿದ ಪುಟ್ಟ ನ್ಯಾರೋಗೇಜ್ ಹಳಿ ಕೋಲಾರದೊಡನೆ ಬೆಸೆಯಿತು. ಚಿಕ್ಕಬಳ್ಳಾಪುರ–ಕೋಲಾರದ ನಡುವೆ ಅದು ಬ್ರಾಡ್‌ಗೇಜ್ ಆಗಿ ಮುಗಿದದ್ದು 2013ರಲ್ಲಿ. ಆದರೆ ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ರೈಲಿನಲ್ಲಿ ಹೋಗಲು ಹೊರಟವರು ಯಲಹಂಕದವರೆಗೆ ಇಳಿದು ಮತ್ತೆ ಮೇಲೆ ಬರಬೇಕು. ಹಕ್ಕಿಗೆ 30 ಕಿ.ಮೀ. ದೂರದ ಊರು! ಈ ಕೊರತೆಯನ್ನು ತುಂಬಿದ್ದು ರಸ್ತೆಯೇ. ಮಂಗಳೂರಿನಿಂದ ತಮಿಳುನಾಡಿನ ವಿಳುಪ್ಪುರಂಗೆ ಹೋಗುತ್ತಿದ್ದ ರಾಷ್ಟ್ರೀಯ ಹೆದ್ದಾರಿ 234 ಸಿರಾ, ಮಧುಗಿರಿಯ ಮೇಲೆ ಬಂದು ಈ ನಾಲ್ಕು ಊರುಗಳನ್ನೂ ಒಂದೇ ದಾರದಲ್ಲಿ ಪೋಣಿಸಿತು. 2010ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟ ಮೇಲೆ ಈ ಭಾಗ 69 ಎನಿಸಿತು. ಹೈದರಾಬಾದಿನ 7 ಹೋಗಿ 44 ಆಯಿತು. ಹಿರಿಯರ ಬಾಯಲ್ಲಿ ಒಂದು ಸಂಖ್ಯೆ, ಫೋನಿನಲ್ಲಿ ಇನ್ನೊಂದು ಸಂಖ್ಯೆ ಇರುವುದಕ್ಕೆ ಕಾರಣ ಇದು.

ನಕ್ಷೆಗೆ ಗೊತ್ತಿಲ್ಲದ ಸಂಗತಿಗಳು

ಇಷ್ಟೆಲ್ಲ ಬಲ್ಲ ನಕ್ಷೆ ಒಮ್ಮೊಮ್ಮೆ ಮುಗ್ಗರಿಸುವುದೂ ಉಂಟು. ಮೊದಲ ತೊಡಕು ಹೆಸರಿನದು. ನರಸಿಂಹಯ್ಯನವರ ಊರನ್ನು ನೋಡಬೇಕೆಂದು ಬರಿಯ 'ಹೊಸೂರು' ಎಂದು ಹುಡುಕಿದರೆ ನಕ್ಷೆ ತಮಿಳುನಾಡಿನ ಹೊಸೂರಿಗೆ ದಾರಿ ತೋರಿಸೀತು! ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಹೊಸಹಳ್ಳಿ, ಗೊಲ್ಲಹಳ್ಳಿ ಎಂಬ ಹೆಸರಿನ ಊರುಗಳಂತೂ ತಾಲ್ಲೂಕಿಗೆ ಹಲವು. ಇಂಗ್ಲಿಷಿನಲ್ಲಿ ಬರೆಯುವಾಗ ಶಿಡ್ಲಘಟ್ಟ, ಗೌರಿಬಿದನೂರುಗಳಿಗೆ ಎರಡು ಮೂರು ಬಗೆಯ ಕಾಗುಣಿತ ಚಾಲ್ತಿಯಲ್ಲಿದೆ. ಊರಿನ ಹೆಸರಿನ ಜೊತೆಗೆ ತಾಲ್ಲೂಕು, ಜಿಲ್ಲೆಯನ್ನೂ ಸೇರಿಸಿ ಹುಡುಕಿದರೆ ಈ ಗೊಂದಲ ತಪ್ಪುತ್ತದೆ.

ಎರಡನೆಯದು ರಸ್ತೆಯ ಗುಣ. ಎರಡು ನಿಮಿಷ ಉಳಿಯುತ್ತದೆ ಎಂಬ ಆಸೆಗೆ ನಕ್ಷೆ ಕೆರೆ ಏರಿಯ ಮೇಲಿನ ಕಿರುದಾರಿಗೆ ಕರೆದೊಯ್ಯಬಹುದು. ಎದುರಿಗೆ ಹುಲ್ಲು ತುಂಬಿದ ಟ್ರ್ಯಾಕ್ಟರು ಬಂದರೆ ಹಿಂದಕ್ಕೆ ಹೋಗುವುದೊಂದೇ ದಾರಿ. ಸುಗ್ಗಿಯ ಕಾಲದಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹರಡಿ ಒಕ್ಕಣೆ ಮಾಡುವುದು ಬಯಲುಸೀಮೆಯ ಹಳೆಯ ರೂಢಿ. ಆ ತೆನೆಯ ಮೇಲೆ ಬೈಕು ಜಾರಿ ಬಿದ್ದವರಿಗೆ ಉಳಿದ ಎರಡು ನಿಮಿಷದಿಂದ ಏನು ಬಂತು? ಮಳೆಗೆ ಕೋಡಿ ಹರಿದು ರಸ್ತೆ ಮುಚ್ಚಿದ್ದು, ಜಾತ್ರೆಯ ದಿನ ತೇರಿನ ಬೀದಿ ಕಟ್ಟಿದ್ದು, ಇವು ನಕ್ಷೆಗೆ ಯಾರಾದರೂ ಹೇಳಿದರೆ ಮಾತ್ರ ಗೊತ್ತು.

ಹೌದು, ಯಾರಾದರೂ ಹೇಳಬೇಕು. ನಕ್ಷೆ ಎಂದರೆ ಜನ ಬರೆದಿಟ್ಟದ್ದರ ಮೊತ್ತ. 2004ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು, ಊರಿನ ಹೆಸರನ್ನು ಕನ್ನಡದಲ್ಲೂ ಸೇರಿಸಬಹುದು. ಇಸ್ರೊ 2009ರಲ್ಲಿ ತೆರೆದ 'ಭುವನ್' ಉಪಗ್ರಹ ಚಿತ್ರಗಳನ್ನು ತೋರಿಸುತ್ತದೆ. ಕರ್ನಾಟಕ ಸರ್ಕಾರದ 'ದಿಶಾಂಕ್' ನಿಂತ ಜಾಗದ ಸರ್ವೆ ನಂಬರನ್ನು ಹೇಳುತ್ತದೆ. ಹೈಸ್ಕೂಲಿನ ಹುಡುಗ ಹುಡುಗಿಯರು ತಮ್ಮ ಊರಿನ ಶಾಲೆ, ಆಸ್ಪತ್ರೆ, ಬಸ್ ತಂಗುದಾಣವನ್ನು ಸರಿಯಾದ ಹೆಸರಿನಿಂದ ನಕ್ಷೆಗೆ ಸೇರಿಸಿದರೆ ಅದು ಸಮಾಜ ಪಾಠದ ಹತ್ತು ಪುಟ ಓದಿದ್ದಕ್ಕಿಂತ ಕಡಿಮೆಯದ್ದಲ್ಲ.

ಹೊರಡುವ ಮುನ್ನ

ಪರೀಕ್ಷಾ ಕೇಂದ್ರಕ್ಕೋ ಕಾಲೇಜಿನ ಪ್ರವೇಶಕ್ಕೋ ಹೊರಡುವ ಮನೆಯವರು ಹಿಂದಿನ ಸಂಜೆ ಹತ್ತು ನಿಮಿಷ ಕುಳಿತರೆ ಬೆಳಗಿನ ಪರದಾಟ ತಪ್ಪುತ್ತದೆ. ಮೊದಲು ಒಂದಲ್ಲ, ಎರಡು ಮೂರು ದಾರಿಗಳನ್ನು ತೆರೆದು ದೂರ, ಸಮಯ ಎರಡನ್ನೂ ಬರೆದುಕೊಳ್ಳಬೇಕು. ಮಧ್ಯೆ ಒಂದು ಊರನ್ನು ತಾವೇ ಸೇರಿಸಿದರೆ ನಕ್ಷೆ ಆ ಊರಿನ ಮೇಲಿನ ದಾರಿಯನ್ನೂ ತೋರಿಸುತ್ತದೆ. ಬಳಿಕ ಉಪಗ್ರಹ ಚಿತ್ರಕ್ಕೆ ಬದಲಾಯಿಸಿ ಒಳರಸ್ತೆ ಎಷ್ಟು ಅಗಲವಿದೆ, ಕೆರೆ ಏರಿಯ ಮೇಲೆ ಹೋಗುತ್ತದೆಯೇ ಎಂದು ನೋಡಬೇಕು. ಬೆಟ್ಟಗಳ ನಡುವೆ ಸಿಗ್ನಲ್ ಸಿಗದೆ ಹೋಗಬಹುದಾದ್ದರಿಂದ ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡಿರುವುದು ಕ್ಷೇಮ. ಬೆಳಗಿನ ಎಂಟರ ಸಮಯಕ್ಕೂ ರಾತ್ರಿಯ ಎಂಟರ ಸಮಯಕ್ಕೂ ನಕ್ಷೆ ಬೇರೆ ಬೇರೆ ಉತ್ತರ ಕೊಡುತ್ತದೆ. ಆದ್ದರಿಂದ ಹೊರಡುವ ಹೊತ್ತನ್ನೂ ಅದಕ್ಕೆ ತಿಳಿಸಬೇಕು. ಕತ್ತಲಾದ ಮೇಲೆ ಗಿಡ್ಡ ದಾರಿಗಿಂತ ಜನಸಂಚಾರವಿರುವ ದಾರಿಯೇ ಮೇಲು.

ಕೊನೆಯದಾಗಿ, ಬಾಯಿ ಇದ್ದವನು ಬದುಕಿಯಾನು ಎಂಬ ಮಾತನ್ನು ಮರೆಯಬಾರದು. 'ಅಣ್ಣಾ, ಈ ದಾರೀಲಿ ಕಾರು ಹೋಗುತ್ತಾ?' ಎಂದು ಹಾಲಿನ ಡೈರಿಯ ಮುಂದೆ ನಿಂತವರನ್ನು ಕೇಳಿದರೆ ಸಿಗುವ ಉತ್ತರ ಯಾವ ಉಪಗ್ರಹಕ್ಕೂ ಕಾಣದ್ದು.

ದೂರ ಯಾರಿಗೆ?

ಹತ್ತು ಕಿಲೋಮೀಟರು ಉಳಿಸುವುದಕ್ಕೆ ಇಷ್ಟೆಲ್ಲ ಏಕೆ ಎಂದು ಕೇಳುವವರು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಬೇಕು. ಹುಳು ಗೂಡು ಕಟ್ಟಿ ಮುಗಿಸಿದ ಮೇಲೆ ಒಳಗೆ ಕೋಶವಾಗಿ, ಕೆಲವೇ ದಿನಗಳಲ್ಲಿ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಚ್ಚಲು ಬಾರದು. ಅಷ್ಟರೊಳಗೆ ಚಂದ್ರಿಕೆಯಿಂದ ಗೂಡು ಬಿಡಿಸಿ, ಮಾರುಕಟ್ಟೆಗೆ ತಂದು, ಹರಾಜಾಗಿ, ನೂಲು ಬಿಚ್ಚುವವರ ಕೈ ಸೇರಬೇಕು. ದಾರಿಯಲ್ಲಿ ಕಳೆದ ಹೊತ್ತಿಗೆ ಗೂಡು ಒಣಗಿ ತೂಕ ಕಳೆದುಕೊಳ್ಳುತ್ತದೆ. ರೈತನಿಗೆ ಬೇಕಾದದ್ದು ಹತ್ತಿರದ ದಾರಿಯಷ್ಟೇ ಅಲ್ಲ, ಕುಲುಕಾಟವಿಲ್ಲದೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ದಾರಿ.

ದೂರದ ಬೆಲೆಯನ್ನು ಗೌರಿಬಿದನೂರಿನವರು ಇನ್ನೊಂದು ರೀತಿಯಲ್ಲೂ ಬಲ್ಲರು. 2007ರವರೆಗೆ ಈ ನಾಲ್ಕೂ ಊರುಗಳು ಕೋಲಾರ ಜಿಲ್ಲೆಗೆ ಸೇರಿದ್ದವು. ಗೌರಿಬಿದನೂರಿನಿಂದ ಜಿಲ್ಲಾ ಕಚೇರಿಗೆ ಹಕ್ಕಿಯ ದಾರಿಯೇ ಸುಮಾರು 85 ಕಿ.ಮೀ.; ರಸ್ತೆಯಲ್ಲಿ ನೂರನ್ನು ದಾಟುತ್ತಿತ್ತು. ಒಂದು ಸಹಿಗೆ ಒಂದು ದಿನ ಹೋಗುತ್ತಿತ್ತು. ಚಿಕ್ಕಬಳ್ಳಾಪುರ ಜಿಲ್ಲಾ ಕೇಂದ್ರವಾದ ಮೇಲೆ ಆ ದೂರ ಅರ್ಧಕ್ಕಿಂತ ಕಡಿಮೆಯಾಯಿತು. ರಸ್ತೆ ಅದೇ, ಬೆಟ್ಟ ಅದೇ. ಕಚೇರಿ ಹತ್ತಿರ ಬಂದಿತ್ತು, ಅಷ್ಟೆ.

ಸ್ವಂತ ವಾಹನವಿಲ್ಲದ ವಿದ್ಯಾರ್ಥಿಯ ಲೆಕ್ಕವಂತೂ ಬೇರೆಯೇ. ನಕ್ಷೆ 83 ಕಿ.ಮೀ. ಎಂದು ತೋರಿಸಿದರೂ ನಡುವೆ ಎರಡು ಕಡೆ ಬಸ್ಸು ಬದಲಿಸಬೇಕಾಗಿ ಬಂದು, ಒಂದೊಂದು ಕಡೆ ಮುಕ್ಕಾಲು ಗಂಟೆ ಕಾಯುವಂತಾದರೆ ಬೆಂಗಳೂರಿನ ಸುತ್ತುದಾರಿಯೇ ವಾಸಿ ಎನಿಸೀತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚಿಲ್ಲ. ಸುತ್ತುದಾರಿಗೂ ನೇರದಾರಿಗೂ ಹಣದ ವ್ಯತ್ಯಾಸವೇ ಇಲ್ಲ. ಅವರಿಗೆ ಉಳಿದಿರುವುದು ಸಮಯದ ಲೆಕ್ಕವೊಂದೇ. ಡೈಕ್‌ಸ್ಟ್ರಾ ಅವರ ವಿಧಾನಕ್ಕೆ ಇದೂ ಒಗ್ಗುತ್ತದೆ. ರಸ್ತೆಯ ಕಿಲೋಮೀಟರಿನ ಬದಲು ಬಸ್ಸಿನ ನಿಮಿಷ, ಕಾಯುವ ನಿಮಿಷ ಎರಡನ್ನೂ ಕೂಡಿಸಿ ಬರೆದುಕೊಂಡರಾಯಿತು. ಹಾಗೆ ಬರೆದ ಒಂದು ಹಾಳೆ ಕೈಯಲ್ಲಿದ್ದರೆ, ಕಾಲೇಜು ಆರಂಭವಾಗುವ ಹೊತ್ತಿಗೆ ಒಂದು ನೇರ ಬಸ್ಸು ಬೇಕೆಂದು ಡಿಪೊ ಮ್ಯಾನೇಜರರ ಮುಂದೆ ನಿಂತು ಕೇಳುವ ಧೈರ್ಯವೂ ಬಂದೀತು.

ಬುಕಾನನ್ ನಡೆದ ದಾರಿ ಎರಡು ಶತಮಾನಗಳಿಂದ ಅಲ್ಲಿಯೇ ಇದೆ. ಅದನ್ನು ತೋರಿಸುವ ಕೆಲಸವನ್ನು ನಕ್ಷೆ ಮಾಡಿದೆ. ಅದರ ಮೇಲೆ ಹೊತ್ತಿಗೆ ಸರಿಯಾಗಿ ಬಸ್ಸು ಓಡಿಸುವುದು ಮನುಷ್ಯರ ಕೆಲಸ.